ಗೋಡೆಯೊಳಗಿನ ನಳ

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಅಡಿಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಅದನ್ನು ತೆಗೆದು ಅಡಿಗೆಮನೆ ದೊಡ್ಡದು ಮಾಡುವುದು, ಬಚ್ಚಲು ಹಿತ್ತಲ ಮೂಲೆಗೆ ಎಂದು ಮಗ ನಕ್ಷೆ ಬರೆದ. ಯಜಮಾನರು ಹೂಂ ಅಂದರು. ಗೋಡೆಯ ಹೊಟ್ಟೆಯಲ್ಲಿದ್ದ ನಳ ಮಾತ್ರ ನಕ್ಷೆಯಲ್ಲಿ ಇರಲಿಲ್ಲ.

ಗೌಂಡಿ ಗಿಲಾವು ಕೆತ್ತಿದಾಗ ತುಕ್ಕು ತಿಂದ ಕಬ್ಬಿಣದ ಪೈಪು ಕಂಡಿತು. ವಾರಕ್ಕೊಮ್ಮೆ ನೀರು ಬರುವಾಗ ಹೇಗೋ ನಡೆದಿತ್ತು. 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ಮಲಪ್ರಭೆಯ ನೀರು ಹಗಲುರಾತ್ರಿ ಬರತೊಡಗಿತು. ನಮ್ಮ ಓಣಿಯೂ ಅದರಲ್ಲಿತ್ತು. ಅಷ್ಟು ಒತ್ತಡ ಆ ಮುದಿ ಪೈಪು ಎಷ್ಟು ದಿನ ತಾಳೀತು?

“ಅಕ್ಕಾರ, ನಳದ ನೀರು ನೀವು ಹೇಳಿದಲ್ಲೆ ಬರ್ತೈತ್ರಿ. ಮುಸುರಿ ನೀರು ಇಳಕಲ ಇದ್ದಲ್ಲೇ ಹೋಗೋದ್ರಿ,” ಎಂದ ನಳದ ಕೆಲಸದವನು. ಮೋರಿಯ ಪೈಪಿಗೆ 40 ಇಂಚಿಗೆ 1 ಇಂಚಾದರೂ ಇಳಿಜಾರು ಬೇಕಂತೆ. ಮಗ ಸಿಂಕನ್ನು ನಡುಮನೆಯತ್ತ ತಂದಿದ್ದ. ಹಿತ್ತಲ ಮೋರಿ ಅಲ್ಲಿಂದ 20 ಅಡಿ. ಅಂದರೆ ನೆಲ 6 ಇಂಚು ಏರಬೇಕು. ಮೊಣಕಾಲು ನೋವಿನ ಅತ್ತೆಯವರು ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಬೇಕೇ? ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸಿಂಕು ಹಿತ್ತಲ ಕಿಟಕಿಯ ಕೆಳಗೇ ಉಳಿಯಿತು. ಮಗನ ಮುಖ ಎರಡು ದಿನ ದಪ್ಪಗಿತ್ತು, ಇರಲಿ.

ಗೀಸರಿನ ನೀರಿಗೆ ಸಿಪಿವಿಸಿ ಪೈಪನ್ನೇ ಹಾಕಿಸಿದೆವು. ಸಾದಾ ಪಿವಿಸಿ ಕಾವಿಗೆ ಮೆತ್ತಗಾಗುತ್ತದೆ. ಗಿಲಾವಿಗೆ ಮುಂಚೆ ಒಂದು ರಾತ್ರಿ ಪೈಪಿನ ತುಂಬ ನೀರು ಬಿಟ್ಟಿಟ್ಟು, ಬೆಳಿಗ್ಗೆ ಒಣಗೈಯಿಂದ ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಿದೆ. ಒಂದು ಕಡೆ ಪಸೆಯಿತ್ತು. ಅದನ್ನು ಬಿಚ್ಚಿ ಕೂಡಿಸಿದ ಮೇಲೆಯೇ ಗೌಂಡಿಗೆ ಸಿಮೆಂಟು ಕಲಸಲು ಹೇಳಿದ್ದು.

ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಅಳತೆ ಸಮೇತ ಬರೆದು ಕಪಾಟಿನ ಬಾಗಿಲೊಳಗೆ ಅಂಟಿಸಿದ್ದೇನೆ. ನಮ್ಮ ಮನೆಯಲ್ಲಿ ಇನ್ನು ಮೊಳೆ ಹೊಡೆಯುವವರು ಮೊದಲು ಅದನ್ನು ಓದಬೇಕು.