ದೈಕೊಕುವಿನ ಹಸಿರು ಕಾರು

ಯೊಕೊಹಾಮಾದ ಬಂದರಿನಲ್ಲಿ ಸಮುದ್ರ ತುಂಬಿಸಿ ಮಾಡಿದ ಒಂದು ದ್ವೀಪವಿದೆ. ಹೆಸರು ದೈಕೊಕು ಫುತೊ. ಟೋಕಿಯೊ ಕಡೆಯಿಂದ ಕಡಲಂಚಿಗೇ ಬರುವ ವಾಂಗಾನ್ ಎಕ್ಸ್‌ಪ್ರೆಸ್‌ವೇ ಇಲ್ಲಿ ಇನ್ನೊಂದು ರಸ್ತೆಯನ್ನು ಕೂಡುತ್ತದೆ. ಕೂಡುವ ಜಾಗದಲ್ಲಿ ಮೇಲ್ಸೇತುವೆಗಳು ಚಕ್ಕುಲಿ ಒತ್ತಿದ ಹಾಗೆ ಸುತ್ತು ಹಾಕುತ್ತವೆ. ಆ ಚಕ್ಕುಲಿಯ ನಡುವೆ ಇರುವುದೇ ದೈಕೊಕು ಪಾರ್ಕಿಂಗ್ ಏರಿಯಾ. ಲಾರಿ ಡ್ರೈವರುಗಳು ಒಂದು ನಿದ್ದೆ ತೆಗೆಯಲಿ, ಮಕ್ಕಳೊಂದಿಗರು ಕಾಲು ನೀಡಲಿ ಎಂದು ಮಾಡಿದ ಜಾಗ. ನಮ್ಮ ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯ ಫುಡ್ ಮಾಲ್ ನೆನೆಸಿಕೊಳ್ಳಿ, ವಡಾ ಪಾವ್ ಬದಲು ಉಡೊನ್ ಸಿಗುತ್ತದೆ ಅಷ್ಟೆ. ರೈಲಿನಲ್ಲಿ ಬಂದು ಇಳಿಯುವ ಜಾಗವಲ್ಲ, ನಡೆದು ಬರುವ ದಾರಿಯೂ ಅಲ್ಲ. ಕಾರಿದ್ದವರು, ಕಾರಿದ್ದವರ ಸ್ನೇಹಿತರು ಮಾತ್ರ ಬರಬಹುದು.

ವಾರಾಂತ್ಯದಲ್ಲಿ ಇಲ್ಲಿಗೆ ಬರುವ ಕಾರುಗಳನ್ನು ನೋಡಲು ಬೇರೆ ದೇಶಗಳಿಂದ ಜನ ಬರುತ್ತಾರೆ. ರಾತ್ರಿ ಗದ್ದಲ ಜಾಸ್ತಿಯಾದರೆ ಪೊಲೀಸರು ಧ್ವನಿವರ್ಧಕದಲ್ಲಿ ಬಹಳ ವಿನಯದಿಂದ ಎಲ್ಲರನ್ನೂ ಹೊರಡಿಸಿ ಬಾಗಿಲು ಹಾಕುತ್ತಾರೆ. ಆದ್ದರಿಂದ ತಿಳಿದವರು ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ನನ್ನನ್ನು ಕರೆದುಕೊಂಡು ಹೋದವರು ತಿಳಿದವರೇ.

ಪ್ರಾಜೆಕ್ಟ್ ಕೆಲಸಕ್ಕೆಂದು ಪುಣೆಯಿಂದ ಯೊಕೊಹಾಮಾಕ್ಕೆ ಹೋಗಿ ಎಂಟು ತಿಂಗಳು ಇದ್ದೆ. ನಮ್ಮ ಟೀಮಿನಲ್ಲಿ ನಿವೃತ್ತಿಯ ನಂತರ ಮತ್ತೆ ಕೆಲಸಕ್ಕೆ ಬಂದ ಹಿರಿಯರೊಬ್ಬರಿದ್ದರು. ಟ-ಸಾನ್ ಎಂದಿಟ್ಟುಕೊಳ್ಳೋಣ. 66 ವರ್ಷ. ಟೆಸ್ಟ್ ಕೇಸುಗಳನ್ನು ಪಂಚಾಂಗ ಬರೆದಷ್ಟು ಅಚ್ಚುಕಟ್ಟಾಗಿ ಬರೆಯುವವರು. ಅವರ ಹತ್ತಿರ 1990ರ ಯೂನೋಸ್ ರೋಡ್‌ಸ್ಟರ್ ಇತ್ತು, ಹೊರದೇಶಗಳಲ್ಲಿ ಮಾಜ್ದಾ ಎಂಎಕ್ಸ್-5 ಅಥವಾ ಮಿಯಾಟ ಎಂದು ಕರೆಯುತ್ತಾರಲ್ಲ, ಅದೇ. ಕಡುಹಸಿರು ಬಣ್ಣ, ಕಂದು ಚರ್ಮದ ಸೀಟು, ನಾರ್ದಿ ಕಂಪನಿಯ ಮರದ ಸ್ಟೀರಿಂಗ್. ‘ವಿ ಸ್ಪೆಷಲ್’ ಎಂದು ಆ ವರ್ಷ ಬಂದ ಮಾದರಿ. ಹೊಸದಾಗಿ ಕೊಂಡದ್ದು, ಕೈ ಬದಲಾಗಿಲ್ಲ. ಎಂಜಿನ್ನು, ಸಸ್ಪೆನ್ಷನ್ನು, ಸೈಲೆನ್ಸರು ಎಲ್ಲ ಕಂಪನಿಯವರು ಕೊಟ್ಟ ಹಾಗೆಯೇ.

ಅವರಿಗೆ ಗ್ಲಾಕೋಮಾ. ಅಂಚಿನ ದೃಷ್ಟಿ ಕಡಿಮೆಯಾಗುತ್ತಿದೆ. ಜಪಾನಿನಲ್ಲಿ ವಯಸ್ಸಾದವರು ತಾವಾಗಿಯೇ ಲೈಸೆನ್ಸ್ ವಾಪಸು ಕೊಡುವ ಪದ್ಧತಿ ಇದೆ. ಮುಂದಿನ ಮಾರ್ಚಿಗೆ ಕೊಟ್ಟುಬಿಡುತ್ತೇನೆ ಎಂದು ಅವರು ನಿರ್ಧರಿಸಿದ್ದರು. ಕಾರು ಮಗಳಿಗೆ. ತೊಡಕು ಇದ್ದದ್ದು ಇಲ್ಲಿ: ಮಗಳು ಕಾರು ತೆಗೆದುಕೊಳ್ಳಲು ಸಿದ್ಧ, ಆದರೆ ಇದ್ದ ಹಾಗೆ ಇಟ್ಟುಕೊಳ್ಳಲು ಸಿದ್ಧಳಿಲ್ಲ.

ನಮ್ಮ ಮನೆಗಳಲ್ಲಿ ಇದು ಹೊಸ ಜಗಳವಲ್ಲ. ಅಜ್ಜಿಯ ಕಾಸಿನ ಸರ ಸೊಸೆಯ ಕೈಗೆ ಬಂದಾಗ ಮುರಿಸಿ ಹೊಸ ಡಿಸೈನ್ ಮಾಡಿಸಬೇಕೋ, ಹಾಗೇ ಲಾಕರಿನಲ್ಲಿ ಇಡಬೇಕೋ ಎಂದು ಎಷ್ಟು ಮನೆಗಳಲ್ಲಿ ಮಾತು ಬಿಟ್ಟಿಲ್ಲ? ಮುರಿಸಿದರೆ ಕೂಲಿ, ವೇಸ್ಟೇಜು ಎಂದು ಚಿನ್ನ ಕರಗುತ್ತದೆ. ಮುರಿಸದಿದ್ದರೆ ಯಾರೂ ಹಾಕಿಕೊಳ್ಳುವುದಿಲ್ಲ. ಟ-ಸಾನ್‌ಗೆ ಇದನ್ನು ಹೇಳಿದೆ. ಅವರಿಗೆ ವೇಸ್ಟೇಜ್ ಎಂಬ ಕಲ್ಪನೆ ಬಹಳ ಹಿಡಿಸಿತು. ಶೇಕಡಾ ಎಷ್ಟು ಎಂದು ಕೇಳಿದರು.

ಆ ಭಾನುವಾರ ಹುಡ್ ಮಡಚಿ ಹೊರಟೆವು. ಯೊಕೊಹಾಮಾ ಬೇ ಬ್ರಿಜ್ ಮೇಲೆ ನೆಲಕ್ಕೆ ಅಂಟಿಕೊಂಡಂತೆ ಕೂತು, ತಲೆಯ ಮೇಲೆ ಸೇತುವೆಯ ಕೇಬಲ್‌ಗಳು ಹಿಂದಕ್ಕೆ ಓಡುವುದನ್ನು ನೋಡುತ್ತಾ ಹೋಗುವುದೇ ಒಂದು ಸುಖ. ಈ ಸೇತುವೆ ತೆರೆದದ್ದು 1989ರ ಸೆಪ್ಟೆಂಬರಿನಲ್ಲಿ. ಈ ಕಾರಿನ ಮೊದಲ ಮಾದರಿ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದೂ ಅದೇ ತಿಂಗಳು. ನಿಸಾನ್ ಸ್ಕೈಲೈನ್ ಜಿಟಿ-ಆರ್ ಆರ್32 ಬಂದದ್ದು ಅದಕ್ಕೆ ಒಂದು ತಿಂಗಳು ಮೊದಲು.

ಎಂಜಿನ್ 1.6 ಲೀಟರು, 120 ಪಿಎಸ್. ಇವತ್ತು ಒಂದು ಸಂಸಾರದ ಎಸ್‌ಯುವಿಗೂ ಅದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಆದರೆ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಮಾಜ್ದಾದವರು ಇದನ್ನು ಮಾಡುವಾಗ ‘ಜಿನ್‌ಬಾ ಇತ್ತಾಯ್’ ಎಂಬ ಮಾತು ಇಟ್ಟುಕೊಂಡಿದ್ದರು, ಸವಾರ ಮತ್ತು ಕುದುರೆ ಒಂದೇ ದೇಹ ಎಂಬರ್ಥದಲ್ಲಿ. ಜಾಹೀರಾತಿನ ಮಾತು ಎಂದು ನಾನು ಅಂದುಕೊಂಡಿದ್ದೆ. ದೈಕೊಕುವಿನ ಸುತ್ತು ರಸ್ತೆಯಲ್ಲಿ ಟ-ಸಾನ್ ಗಂಟೆಗೆ 50 ಕಿಲೋಮೀಟರ್ ಕೂಡ ದಾಟಲಿಲ್ಲ. ಆದರೂ ಕಾರು ಎಷ್ಟು ವಾಲಿತು, ಯಾವ ಟೈರಿನ ಮೇಲೆ ಭಾರ ಬಿತ್ತು ಎಂಬುದು ಬೆನ್ನಿಗೆ ತಿಳಿಯುತ್ತಿತ್ತು. “ಇದು ವಾಲಬೇಕು. ವಾಲದಿದ್ದರೆ ಮಾತಾಡುವುದಿಲ್ಲ” ಎಂದರು.

ಪಾರ್ಕಿಂಗ್ ಒಳಗೆ ಹೋದರೆ ಈ ವಾದದ ಎರಡೂ ಪಕ್ಷಗಳು ಸಾಲಾಗಿ ನಿಂತಿದ್ದವು. ಒಂದು ಕಡೆ ಚಕ್ರದ ಮೇಲಿನ ಫೆಂಡರ್ ಕತ್ತರಿಸಿ, ಅಗಲದ ಹೊಸ ಫೆಂಡರನ್ನು ಬೋಲ್ಟ್ ಕಾಣುವಂತೆ ಜಡಿದ ಕಾರುಗಳು. ಎದೆ ನೆಲಕ್ಕೆ ತಾಗುವಷ್ಟು ಇಳಿಸಿದವು. ಇನ್ನೊಂದು ಕಡೆ ಒಂದು ಹೋಂಡಾ ಎನ್‌ಎಸ್‌ಎಕ್ಸ್, ಶೋರೂಮಿನಿಂದ ನಿನ್ನೆ ಬಂದ ಹಾಗೆ. ನಡುವೆ ಎರಡು ಆರ್32 ಜಿಟಿ-ಆರ್. ಒಂದು ಬಾನೆಟ್ ಎತ್ತಿಕೊಂಡು ನಿಂತಿತ್ತು, ಮೂಲದ ಎರಡು ಪುಟ್ಟ ಟರ್ಬೊ ಇರಬೇಕಾದ ಜಾಗದಲ್ಲಿ ಸಣ್ಣ ತಂಬಿಗೆಯಷ್ಟು ದೊಡ್ಡ ಒಂದೇ ಟರ್ಬೊ.

ಜಿಟಿ-ಆರ್ ವಿಷಯದಲ್ಲಿ ‘ಸ್ಟಾಕ್’ ಎನ್ನುವ ಪದವೇ ಸ್ವಲ್ಪ ಜಾರುತ್ತದೆ. ಆ ಕಾಲದಲ್ಲಿ ಜಪಾನಿನ ಕಾರು ಕಂಪನಿಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡು 280 ಪಿಎಸ್‌ಗಿಂತ ಹೆಚ್ಚು ಶಕ್ತಿ ಘೋಷಿಸುತ್ತಿರಲಿಲ್ಲ. 1989ರಿಂದ 2004ರವರೆಗೆ ಅದು ನಡೆಯಿತು. ಆರ್32ರ 2.6 ಲೀಟರ್ ಎಂಜಿನ್ ರೇಸಿಗೆಂದೇ ಹುಟ್ಟಿದ್ದು, ರೇಸ್ ಕಾರಿನಲ್ಲಿ ಅದೇ ಎಂಜಿನ್ 500ಕ್ಕಿಂತ ಹೆಚ್ಚು ಕೊಡುತ್ತಿತ್ತು. 1990ರಿಂದ 1993ರವರೆಗೆ ಜಪಾನಿನ ಗ್ರೂಪ್ ಎ ಸರಣಿಯಲ್ಲಿ ಓಡಿದ 29 ರೇಸುಗಳನ್ನೂ ಅದೇ ಗೆದ್ದಿತು. ರಸ್ತೆಗೆ ಬಿಟ್ಟ ಕಾರಿನಲ್ಲಿ ಟರ್ಬೊ ಒತ್ತಡ ಏರದಂತೆ ಒಂದು ಕೊಳವೆಯೊಳಗೆ ಸಣ್ಣ ಅಡೆ ಇಟ್ಟಿದ್ದರು. ಅದನ್ನು ತೆಗೆದವರಿಗೆ ಶಕ್ತಿ ಸಿಕ್ಕಿತು. ಅತಿಯಾಸೆ ಮಾಡಿದವರ ಟರ್ಬೊದ ಪಿಂಗಾಣಿ ಚಕ್ರ ಪುಡಿಯಾಯಿತು. ಅಂದರೆ ಮಾಡಿದವರೇ ಬೀಗದ ಕೈಯನ್ನು ಬಾಗಿಲ ಪಕ್ಕದಲ್ಲಿ ನೇತು ಹಾಕಿ ಹೋದ ಕಾರು ಅದು. ಅಂಥದ್ದನ್ನು ಮುಟ್ಟಬಾರದು ಎನ್ನುವವರ ಜೊತೆ ನಾನಿಲ್ಲ.

ರೋಡ್‌ಸ್ಟರ್ ಜಾತಿ ಬೇರೆ. ಅದರಲ್ಲಿ ಬಚ್ಚಿಟ್ಟ ಶಕ್ತಿ ಏನೂ ಇಲ್ಲ. ಇರುವುದು ಹದ. ಟರ್ಬೊ ಹಾಕಿದರೆ ಇಂಧನ ಹೆಚ್ಚು ಬೇಕು, ಕ್ಲಚ್ ತಾಳುವುದಿಲ್ಲ, ರೇಡಿಯೇಟರ್ ಸಾಲದು, ಬ್ರೇಕ್ ಸಾಲದು, ಕೊನೆಗೆ ಮೇಲ್ಛಾವಣಿಯಿಲ್ಲದ ಬಾಡಿಯೇ ತಿರುಚಿಕೊಳ್ಳುತ್ತದೆ. ಸಾರಿಗೆ ಖಾರ ಜಾಸ್ತಿಯಾಯಿತೆಂದು ನೀರು, ನೀರಾಯಿತೆಂದು ಬೇಳೆ, ಬೇಳೆಯಾಯಿತೆಂದು ಹುಳಿ ಹಾಕುತ್ತಾ ಹೋದ ಹಾಗೆ. ಕೊನೆಗೆ ಪಾತ್ರೆ ತುಂಬಿರುತ್ತದೆ, ಸಾರು ಇರುವುದಿಲ್ಲ.

ಮಗಳು ತನ್ನ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನಲ್ಲಿ ಬಂದಳು. (ನಮ್ಮ ದೇಶದಲ್ಲಿ ಬೀದಿಗೆ ಹತ್ತು ಸ್ವಿಫ್ಟ್ ಇದ್ದರೂ ಈ 140 ಪಿಎಸ್ ಟರ್ಬೊ ಸ್ವಿಫ್ಟ್ ಮಾತ್ರ ನಮಗೆ ಕೊಟ್ಟಿಲ್ಲ. ಈ ದುಃಖವನ್ನು ಎಲ್ಲಿ ತೋಡಿಕೊಳ್ಳುವುದು?) ಮೂವತ್ತರ ಆಸುಪಾಸು, ಗಿಡ್ಡ ಮೈಕಟ್ಟು, ಅಪ್ಪನಷ್ಟೇ ಕರಾರುವಾಕ್ಕು. ಮೂವರೂ ಮೆಷಿನ್ನಿನ ಕಾಫಿ ಡಬ್ಬಿ ಹಿಡಿದು ಹಸಿರು ಕಾರಿನ ಪಕ್ಕ ನಿಂತೆವು. ಅವಳು ಟರ್ಬೊ ಕೇಳಿರಲೇ ಇಲ್ಲ. ಅಪ್ಪ ತಿಂಗಳುಗಟ್ಟಲೆ ಕೊರಗಿದ್ದು ಅವಳು ಕೇಳದಿದ್ದ ವಿಷಯಕ್ಕೆ.

ಅವಳ ಮಾತು ಹೀಗಿತ್ತು: “ಅಪ್ಪಾ, ನೀವು ಇದನ್ನು ಸ್ಟಾಕ್ ಅನ್ನುತ್ತೀರಿ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು 35 ವರ್ಷದ್ದು, ಕಲ್ಲಾಗಿವೆ. ಶಾಕ್ ಅಬ್ಸಾರ್ಬರ್ ಸತ್ತು ಎಷ್ಟೋ ಕಾಲವಾಯಿತು. ಟೈರ್ ಇವತ್ತಿನದು. ಮಾಜ್ದಾದವರು 1990ರಲ್ಲಿ ನಿಮಗೆ ಕೊಟ್ಟ ಕಾರು ಇದಲ್ಲ.”

ಟ-ಸಾನ್ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ಅದು ನಿಜ. ಮುಟ್ಟದೇ ಬಿಟ್ಟರೆ ಹಾಗೇ ಉಳಿಯುತ್ತದೆ ಎಂಬುದು ಕಲ್ಲಿನ ದೇವಸ್ಥಾನಕ್ಕೂ ಸಲ್ಲುವ ಮಾತಲ್ಲ, ರಬ್ಬರಿಗೆ ಹೇಗೆ ಸಲ್ಲುತ್ತದೆ? ಕಂಪನಿಗಳಿಗೂ ಇದು ಗೊತ್ತು. 2017ರಲ್ಲಿ ಮಾಜ್ದಾ ಈ ಮೊದಲ ತಲೆಮಾರಿನ ರೋಡ್‌ಸ್ಟರ್‌ಗೆ ಪುನರುಜ್ಜೀವನದ ಸೇವೆ ಘೋಷಿಸಿತು. ಹುಡ್, ಮರದ ಸ್ಟೀರಿಂಗ್, ಗೇರ್ ಗುಂಡು, ಅಂದಿನ ಅಳತೆಯ ಬ್ರಿಜ್‌ಸ್ಟೋನ್ ಟೈರನ್ನೂ ಮತ್ತೆ ಮಾಡಿಸಿತು. ಅದೇ ವರ್ಷ ನಿಸಾನ್‌ನ ನಿಸ್ಮೊ ವಿಭಾಗ ಆರ್32ಕ್ಕೆ ಹಳೆಯ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಶುರು ಮಾಡಿತು. ಸ್ಟಾಕ್ ಆಗಿ ಇಟ್ಟುಕೊಳ್ಳುವುದಕ್ಕೆ ಈಗ ಮಾಡಿಫೈ ಮಾಡುವಷ್ಟೇ ದುಡ್ಡು ಬೇಕು.

ಅದಕ್ಕೆ ಇನ್ನೊಂದು ಕಾರಣವೂ ಉಂಟು. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಟ್ಟು ಆಮದು ಮಾಡಲು ಬಿಡುತ್ತಾರೆ. 2014ರಿಂದ ಆರ್32ಗಳು, 2024ರಿಂದ ಆರ್34ಗಳು ಆ ಕಡೆ ಹಡಗು ಹತ್ತುತ್ತಿವೆ. ಒಂದು ಕಾಲದಲ್ಲಿ ಅಗ್ಗವಾಗಿ ಸಿಗುತ್ತಿದ್ದಾಗ ಹುಡುಗರು ಕತ್ತರಿಸಿ ಆಟವಾಡಿದ್ದರಿಂದ, ಕತ್ತರಿಸದೆ ಉಳಿದದ್ದಕ್ಕೆ ಬೆಲೆ ಏರಿದೆ. ದೈಕೊಕು ಧಕ್ಕೆಯೇ ಕಾರು ರಫ್ತಿನ ಜಾಗ. ಪಾರ್ಕಿಂಗ್‌ನಲ್ಲಿ ಹಳೆಯ ಕಾರಿನ ಫೋಟೊ ತೆಗೆಯುವ ಗುಂಪು, ಅದೇ ದ್ವೀಪದ ಆಚೆ ಅಂಚಿನಲ್ಲಿ ಹೊಸ ಕಾರುಗಳನ್ನು ಸಾಲಾಗಿ ನುಂಗುವ ಹಡಗು.

ಜಪಾನಿನಲ್ಲಿ ಈ ಹುಚ್ಚು ಇಷ್ಟು ಚೆನ್ನಾಗಿ ಬೆಳೆದದ್ದಕ್ಕೆ ಕಾನೂನೂ ಕಾರಣ ಎನಿಸುತ್ತದೆ. ಅಲ್ಲಿ ‘ಶಕೆನ್’ ಎಂಬ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ನೆಲದಿಂದ 9 ಸೆಂಟಿಮೀಟರ್ ಎತ್ತರ ಇರಬೇಕು, ಸದ್ದು ಮಿತಿಯಲ್ಲಿರಬೇಕು, ಹೊಗೆ ಮಿತಿಯಲ್ಲಿರಬೇಕು. 1995ರಲ್ಲಿ ನಿಯಮ ಸಡಿಲಿಸಿ, ಹಲವು ಬಿಡಿಭಾಗಗಳನ್ನು ಮಿತಿಯೊಳಗೆ ಬದಲಿಸಲು ಬಿಟ್ಟರು. ಹೀಗಾಗಿ ಅಲ್ಲಿನವರು ತೆಗೆದ ಮೂಲ ಭಾಗಗಳನ್ನು ಎಸೆಯುವುದಿಲ್ಲ, ಪೆಟ್ಟಿಗೆಯಲ್ಲಿ ಕಟ್ಟಿ ಇಡುತ್ತಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಹೇಳಿತು. ಆದರೂ ಪುಣೆಯಲ್ಲಿ ಒಂದು ಮಧ್ಯಾಹ್ನದಲ್ಲಿ ಇಸಿಯು ರೀಮ್ಯಾಪ್ ಮಾಡಿಕೊಡುವವರು ಬೇಕಾದಷ್ಟು. ನಮ್ಮ ಚಾಕಣ್‌ನಲ್ಲೇ ಹುಟ್ಟಿದ ನನ್ನ ಪೋಲೊ ಟಿಎಸ್‌ಐಗೂ ದರಪಟ್ಟಿ ಬಂದಿತ್ತು. 105 ಪಿಎಸ್ ಇದ್ದದ್ದು 130 ಆಗುತ್ತದಂತೆ. ಅಪಘಾತವಾದ ದಿನ ವಿಮೆಯವರ ಮುಂದೆ ಆ 25 ಪಿಎಸ್‌ನ ಲೆಕ್ಕ ಯಾರು ಒಪ್ಪಿಸುತ್ತಾರೆ ಎಂದು ಕೇಳಿದ್ದಕ್ಕೆ ಆ ಹುಡುಗ, “ಸಾಹೇಬ್, ಕೋಣ್ ಬಘತೋ?” ಎಂದ. ಯಾರು ನೋಡುತ್ತಾರೆ ಎಂಬುದೇ ಉತ್ತರವಾದ ಊರಿನಲ್ಲಿ ನಾನು ಒಳ್ಳೆಯ ಟೈರು ಹಾಕಿಸಿ ಸುಮ್ಮನಾದೆ.

ಕಾಫಿ ಮುಗಿಯುವ ಹೊತ್ತಿಗೆ ಮಗಳು ಫೋನಿನಲ್ಲಿ ಪಟ್ಟಿ ತೆಗೆದಿದ್ದಳು. ಎರಡು ಕಾಲಂ. ಬಿಚ್ಚಿ ಹಿಂದಿನಂತೆ ಮಾಡಬಹುದಾದದ್ದು ಒಂದರಲ್ಲಿ: ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ಅವಳ ಎತ್ತರಕ್ಕೆ ಹೊಂದುವ ಸೀಟು. ಹಿಂದಕ್ಕೆ ಬಾರದ್ದು ಇನ್ನೊಂದರಲ್ಲಿ. ಅದರಲ್ಲಿ ಒಂದೇ ಸಾಲು. ರೋಲ್ ಬಾರ್. ಕಾರು ಪಲ್ಟಿಯಾದರೆ ತಲೆ ಉಳಿಸುವ ಉಕ್ಕಿನ ಕಮಾನು. ಅದನ್ನು ಕೂರಿಸಲು ಸೀಟಿನ ಹಿಂದಿನ ತಗಡಿನಲ್ಲಿ ತೂತು ಕೊರೆಯಬೇಕು.

ಮೊದಲ ಕಾಲಂ ಬಗ್ಗೆ ಟ-ಸಾನ್ ತುಂಬ ಚೌಕಾಸಿ ಮಾಡಿದರು. ಸೀಟಿನ ಚರ್ಮದ ಬಣ್ಣ, ಶಾಕ್ ಅಬ್ಸಾರ್ಬರಿನ ಬಿಗಿ, ತೆಗೆದದ್ದನ್ನು ಯಾವ ಕಪಾಟಿನಲ್ಲಿ ಇಡುವುದು ಎಂಬುದರವರೆಗೆ. ಕಾರು ವಾಲುವುದು ನಿಲ್ಲಬಾರದು ಎಂದು ಎರಡು ಸಲ ಹೇಳಿದರು. ಆಮೇಲೆ ರೋಲ್ ಬಾರ್ ಸಾಲಿಗೆ ಬಂದರು. ನಾನು ಇಲ್ಲಿ ಮಾತು ಮುರಿಯುತ್ತದೆ ಎಂದುಕೊಂಡೆ. ಈ ಕಾರಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಲೆಯ ಮೇಲೆ ಬಟ್ಟೆ. ಮೂರೂವರೆ ದಶಕ ಅವರು ಹಾಗೇ ಓಡಿಸಿದ್ದಾರೆ. ಅವರು ಕಾರಿನ ಹಿಂದೆ ಹೋಗಿ, ಬಗ್ಗಿ, ತಗಡಿನ ಮೇಲೆ ಬೆರಳಿನಿಂದ ಮೆಲ್ಲಗೆ ಕುಟ್ಟಿ ನೋಡಿದರು. ತೂತು ಕೊರೆದ ಅಂಚಿಗೆ ಅವತ್ತೇ ಬಣ್ಣ ಬಳಿಯಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ ಎಂದರು. ಅಷ್ಟೇ.

ನನಗೆ ಮರದ ಸ್ಟೀರಿಂಗ್ ಚಿಂತೆ ಇತ್ತು. ಅಪ್ಪನ ಅಂಗೈ ತಾಗಿ ತಾಗಿ ಹತ್ತು ಗಂಟೆ, ಎರಡು ಗಂಟೆಯ ಜಾಗದಲ್ಲಿ ಅದರ ವಾರ್ನಿಷ್ ಹೋಗಿ ಮರ ನುಣ್ಣಗಾಗಿತ್ತು. ಅದು ಯಾವ ಕಾಲಂ ಎಂದು ಕೇಳಿದೆ. ಅದು ಪಟ್ಟಿಯಲ್ಲೇ ಇಲ್ಲ ಎಂದಳು.

ಮಾರ್ಚಿನ ಹೊತ್ತಿಗೆ ನಾನು ಪುಣೆಗೆ ವಾಪಸಾಗಿದ್ದೆ. ಏಪ್ರಿಲ್‌ನಲ್ಲಿ ಟ-ಸಾನ್‌ರಿಂದ ಒಂದು ಮೇಲ್ ಬಂತು. ಲೈಸೆನ್ಸ್ ಕೊಟ್ಟಾಯಿತು, ಕಾರು ಮಗಳ ಹೆಸರಿಗಾಯಿತು, ರೋಲ್ ಬಾರ್ ಸಮೇತ ಶಕೆನ್ ಪಾಸಾಯಿತು. ಹಕೊನೆಯ ಘಾಟಿ ರಸ್ತೆಗೆ ಮಗಳು ಕರೆದುಕೊಂಡು ಹೋಗಿದ್ದಳಂತೆ. ಇಷ್ಟು ವರ್ಷದಲ್ಲಿ ಎಡಗಡೆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಗ್ಲೋವ್ ಬಾಕ್ಸಿನಿಂದ ಟಕಟಕ ಸದ್ದು ಬರುತ್ತಿದೆ, ಬಲಗಡೆ ಕೂತಾಗ ಒಂದು ದಿನವೂ ಕೇಳಿಸಿರಲಿಲ್ಲ, ಮುಂದಿನ ವಾರ ಸ್ಕ್ರೂ ಬಿಗಿ ಮಾಡಬೇಕು ಎಂದು ಬರೆದಿದ್ದರು.