ಓಡದ ಟೈರಿಗೂ ವಯಸ್ಸಾಗುತ್ತೆ

ನಮ್ಮ ಕಡೆ ಕಾರುಗಳು ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಕಡೆ ಬೇಕಾದರೂ ನೋಡಿ, ಹಳ್ಳಿ ಮನೆ ಮುಂದೆ ಟಾರ್ಪಾಲು ಹೊದ್ದುಕೊಂಡು ಒಂದು ಕಾರು ನಿಂತಿರುತ್ತೆ. ಮದುವೆ, ಆಸ್ಪತ್ರೆ, ತಂಬಾಕು ಹರಾಜಿನ ದಿನ, ಬಿಟ್ಟರೆ ಸಂತೆ. ನಮ್ಮ ಮನೆಯ 2017ರ ಕಾರು ಏಳು ವರ್ಷದಲ್ಲಿ ಓಡಿದ್ದು 31 ಸಾವಿರ ಕಿಲೋಮೀಟರ್. ಬೆಂಗಳೂರಿನಲ್ಲಿ ನನ್ನ ಆಫೀಸಿನವರ ಕಾರಿನ ಟೈರ್ ಸವೆದು ಹೋಗುತ್ತೆ, ನಮ್ಮೂರ ಕಾರಿನ ಟೈರ್ ಮುದಿಯಾಗುತ್ತೆ. ಎರಡೂ ಬೇರೆ ಬೇರೆ ಕಾಯಿಲೆ.

2024ರ ನವೆಂಬರಿನಲ್ಲಿ ಊರಿಗೆ ಹೋದಾಗ ಟೈರಿನ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಗ್ರಿಪ್ ಚೆನ್ನಾಗೇ ಇತ್ತು. ಜನವರಿಯಲ್ಲಿ ತಂಗಿಯನ್ನು ಹೆರಿಗೆಗೆ ಬೆಂಗಳೂರಿನಿಂದ ಕರೆತರಬೇಕು, ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್. ಬದಲಾಯಿಸೋಣ ಅಂದೆ. ಅಪ್ಪ ತಕ್ಷಣ ಒಪ್ಪಲಿಲ್ಲ, ಹರಾಜಿನ ದುಡ್ಡು ಇನ್ನೂ ಪೂರ್ತಿ ಬಂದಿರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನ ಮಗ ಒಂದು ದಾರಿ ತೋರಿಸಿದ. ಅವನಿಗೆ ಪರಿಚಯದ ಅಂಗಡಿಯೊಂದರಲ್ಲಿ ನಮ್ಮದೇ ಸೈಜಿನ ನಾಲ್ಕು ಟೈರ್, ಕಂಪನಿ ಮಾಲು, ಒಂದಕ್ಕೆ ಮೂರು ಸಾವಿರ. ಹೊಸದಕ್ಕೆ ನಾಲ್ಕು ಸಾವಿರದ ಎಂಟುನೂರು.

"ಒಂದು ಕಿಲೋಮೀಟರೂ ಓಡಿಲ್ಲ ಕಣೋ. ಮೇಲಿರೋ ರಬ್ಬರ್ ಕೂದಲೂ ಉದುರಿಲ್ಲ ನೋಡು," ಅಂದ.

"ಎಷ್ಟು ದಿನದಿಂದ ಕೂತಿದೆ ಅಣ್ಣ?"

"ಕೂತಿದ್ರೆ ಏನಾಯ್ತು? ಅದೇನು ಹಾಲಾ ಒಡೆಯೋಕೆ?"

ಹಾಲಲ್ಲ, ಆದರೆ ಒಡೆಯುತ್ತೆ. ರಬ್ಬರನ್ನು ಗಾಳಿಯ ಆಮ್ಲಜನಕ, ಓಝೋನ್ ಮತ್ತು ಬಿಸಿ ನಿಧಾನಕ್ಕೆ ಗಟ್ಟಿ ಮಾಡುತ್ತಾ ಹೋಗುತ್ತವೆ. ಅದನ್ನು ತಡೆಯೋಕೆ ಕಾರ್ಖಾನೆಯಲ್ಲೇ ಕೆಲವು ರಾಸಾಯನಿಕಗಳನ್ನು, ಮೇಣವನ್ನು ಬೆರೆಸಿರುತ್ತಾರೆ. ಟೈರ್ ಉರುಳುವಾಗ ಬಾಗಿ ಬಾಗಿ ಇವು ಮೇಲ್ಮೈಗೆ ಬರುತ್ತವೆ. ಸುಮ್ಮನೆ ಕೂತ ಟೈರಿಗೆ ಆ ಸೌಲಭ್ಯ ಕಡಿಮೆ. ಹೊರಗಿನ ಬಿರುಕಿಗಿಂತ ಭಯ ಒಳಗಿನದು. ಉಕ್ಕಿನ ತಂತಿಯ ಪದರ ಮತ್ತು ರಬ್ಬರಿನ ನಡುವಿನ ಅಂಟು ಸಡಿಲವಾದರೆ ಕಣ್ಣಿಗೆ ಕಾಣಲ್ಲ. ಹಾಗಾಗಿ ಫಳಫಳ ಹೊಳೆಯುವ ಟೈರು ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ಹೊಳಪು ಪಾಲಿಶಿನದೂ ಇರಬಹುದು.

ಅಂಗಡಿಗೆ ಹೋಗಿ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಟೈರಿನ ಪಕ್ಕದಲ್ಲಿ ಡಿಓಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದು ವಿಷಯ ನೆನಪಿಡಿ, ಈ ತಾರೀಖು ಕೆಲವು ಟೈರುಗಳಲ್ಲಿ ಒಂದೇ ಪಕ್ಕದಲ್ಲಿರುತ್ತೆ. ಕಾರಿಗೆ ಹಾಕಿದಾಗ ಆ ಪಕ್ಕ ಒಳಗಡೆ ಹೋಗಿದ್ದರೆ ಬಗ್ಗಿ ನೋಡಬೇಕು. ನಮಗೆ ತೋರಿಸಿದ ನಾಲ್ಕರಲ್ಲಿ ಮೂರರ ಮೇಲೆ 1519, ಅಂದರೆ 2019ರ ಏಪ್ರಿಲ್. ಇನ್ನೊಂದು 4418. ಐದೂವರೆ, ಆರು ವರ್ಷದ ಮಾಲು. ಪಕ್ಕದ ಗೋಡೆಯಾಚೆ ವೆಲ್ಡಿಂಗ್ ಶಾಪ್ ಬೇರೆ. ವೆಲ್ಡಿಂಗ್ ಕಿಡಿ, ಓಡುವ ಮೋಟಾರು ಇರುವ ಕಡೆ ಓಝೋನ್ ಹುಟ್ಟುತ್ತೆ, ಅಂಥ ಜಾಗದಲ್ಲಿ ಟೈರ್ ಇಡಬಾರದು ಅನ್ನೋದು ಈ ವ್ಯಾಪಾರದ ಮೂಲಪಾಠ. ಬಿಲ್ ಕೇಳಿದರೆ "ನಮ್ಮೋರಿಗೆ ಎಂಥ ಬಿಲ್ಲು" ಅಂದರು.

ಹಾಗಂತ ಹಳೇ ತಾರೀಖಿನ ಟೈರ್ ಎಲ್ಲವೂ ಅಪಾಯ ಅಂತ ನಾನು ಹೇಳಲ್ಲ. ನೆರಳಲ್ಲಿ, ತಂಪಿನಲ್ಲಿ ಇಟ್ಟ ಒಂದು ಒಂದೂವರೆ ವರ್ಷದ ಟೈರ್ ಕಡಿಮೆಗೆ ಸಿಕ್ಕರೆ ನಾನೇ ತಗೋತೀನಿ. ಎರಡು ದಾಟಿದರೆ ಚೌಕಾಸಿ ಮಾಡ್ತೀನಿ. ಆಮೇಲೆ ನನಗೆ ಬೇಡ. ಹಲವು ಕಾರು ಕಂಪನಿಗಳು ಆರು ವರ್ಷಕ್ಕೆ ಟೈರ್ ಬದಲಾಯಿಸಿ ಅನ್ನುತ್ತವೆ. ಟೈರ್ ಕಂಪನಿಗಳು ಐದು ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷ ಅಂತೂ ದಾಟಿಸಬೇಡಿ ಅನ್ನುತ್ತವೆ.

ಅಪ್ಪನಿಗೆ ರಸಾಯನಶಾಸ್ತ್ರ ಹೇಳಿ ಪ್ರಯೋಜನವಿಲ್ಲ, ಲೆಕ್ಕ ಹೇಳಬೇಕು. ನಾಲ್ಕು ಸಾವಿರದ ಎಂಟುನೂರರ ಟೈರ್ ಆರು ವರ್ಷ ಬಂದರೆ ವರ್ಷಕ್ಕೆ 800 ರೂಪಾಯಿ. ಮೂರು ಸಾವಿರದ ಆ ಟೈರನ್ನು ಧೈರ್ಯ ಮಾಡಿ ಎಂಟನೇ ವರ್ಷದವರೆಗೆ ಎಳೆದರೂ ಸಿಗೋದು ಎರಡೂವರೆ ವರ್ಷ, ವರ್ಷಕ್ಕೆ 1,200. ಅಗ್ಗ ಯಾವುದು?

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಐವತ್ತು ದಾಟಿಸಲ್ವಲ್ಲೋ," ಅಂದರು. ಇದು ತೆಗೆದುಹಾಕುವ ಮಾತಲ್ಲ. ಹುಣಸೂರಿಗೆ ಹೋಗಿ ಬರೋಕೆ, ಕೋಟೆ ಕಡೆಯ ನೆಂಟರ ಮನೆಗೆ ಹೋಗೋಕೆ ಆ ವೇಗದಲ್ಲಿ ಟೈರಿಗೆ ಅಷ್ಟು ಶ್ರಮವಿಲ್ಲ. ಆದರೆ ಮೈಸೂರು ದಾಟಿದ ಮೇಲೆ ಬೆಂಗಳೂರಿನ ಹೆದ್ದಾರಿ 2023ರಿಂದ ಬೇರೆಯದೇ ರಸ್ತೆ. ಮಿತಿ 100, ಒಂದು ಗಂಟೆ ಒಂದೇ ಸಮನೆ. ವೇಗ, ಭಾರ, ಕಡಿಮೆ ಗಾಳಿ ಮೂರೂ ಸೇರಿದರೆ ಟೈರ್ ಒಳಗೇ ಕಾಯುತ್ತೆ, ಹಳೇ ಅಂಟು ಬಿಡೋದು ಆಗಲೇ. ವರ್ಷಪೂರ್ತಿ ಸಂತೆಗೆ ಹೋಗಿದ್ದ ಟೈರಿಗೆ ಪರೀಕ್ಷೆ ಬರೋದು ತುಂಬಿದ ಕಾರಿನಲ್ಲಿ, ಬಸುರಿ ಹಿಂದೆ ಕೂತಿರುವ ದಿನವೇ.

ಆಗ ಇಂಗ್ಲೆಂಡಿನ ಒಂದು ಘಟನೆ ಹೇಳಿದೆ. 2012ರ ಸೆಪ್ಟೆಂಬರಿನಲ್ಲಿ ಸಂಗೀತ ಉತ್ಸವದಿಂದ ಯುವಕರನ್ನು ಕರೆದುಕೊಂಡು ವಾಪಸಾಗುತ್ತಿದ್ದ ಬಸ್ಸಿನ ಮುಂದಿನ ಟೈರ್ ಸಿಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ. ಗ್ರಿಪ್ ಮಾತ್ರ ಕಾನೂನಿನ ಪ್ರಕಾರ ಸರಿಯಾಗೇ ಇತ್ತು. ಸತ್ತವರಲ್ಲಿ 18ರ ಹುಡುಗ ಮೈಕೆಲ್ ಮಲಾಯ್ ಒಬ್ಬ. ಅವನ ತಾಯಿ ಫ್ರಾನ್ಸಿಸ್ ಮಲಾಯ್ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರವರಿಯಿಂದ ಬ್ರಿಟನ್ನಿನಲ್ಲಿ ಬಸ್, ಲಾರಿಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ದಾಟಿದ ಟೈರ್ ಹಾಕುವ ಹಾಗಿಲ್ಲ. ನಮ್ಮ ನಿಯಮದಲ್ಲಿ ಕಾರಿನ ಗ್ರಿಪ್ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಆ ಅಳತೆಯಲ್ಲಿ ವಯಸ್ಸು ಸಿಗಲ್ಲ, ಅಂಕಿ ನಾವೇ ಓದಬೇಕು.

ಮೈಸೂರಿನಲ್ಲಿ ವಿಕ್ರಾಂತ್ ಕಾರ್ಖಾನೆ ಇದ್ದ ಕಾಲದಿಂದಲೂ ನಮ್ಮ ಕಡೆ ಟೈರಿನ ಬಗ್ಗೆ ಗೊತ್ತಿರುವವರು ಬೀದಿಗೊಬ್ಬರು. ಸಲಹೆಗೆ ಬರವಿಲ್ಲ. ಅಣ್ಣನಿಗೆ ಬೇಜಾರಾಯಿತು, ಅವನು ಲಾಭಕ್ಕೆ ಹೇಳಿದವನಲ್ಲ. ಅವನ ಮರ್ಯಾದೆಗೂ ಇರಲಿ, ಕೆಲಸಕ್ಕೂ ಬರಲಿ ಅಂತ ಅಪ್ಪ ಆ ನಾಲ್ಕರಲ್ಲಿ ಎರಡನ್ನು ಇನ್ನೂ ಇಳಿಸಿ ತಗೊಂಡು ಹೊಲದ ಟೈರ್ ಗಾಡಿಗೆ ಹಾಕಿಸಿದರು. ಎತ್ತಿನ ವೇಗಕ್ಕೆ ಅದು ಸಾಕು. ಕಾರಿಗೆ ಹುಣಸೂರಿನಲ್ಲಿ ಹೊಸ ನಾಲ್ಕು, ತಾರೀಖು 3024, ಬಿಲ್ಲಿನ ಮೇಲೆ ಆ ಅಂಕಿಯನ್ನೂ ಬರೆಸಿಕೊಂಡೆವು. ಏಳು ಸಾವಿರದ ಇನ್ನೂರು ಹೆಚ್ಚಾಯಿತು, ಅದನ್ನು ನಾನು ಹಾಕಿದೆ.

ಸ್ಟೆಪ್ನಿ ಮಾತ್ರ ಕಾರಿನ ಜೊತೆ ಬಂದ 2917. ಒಂದು ದಿನವೂ ನೆಲ ಮುಟ್ಟಿರಲಿಲ್ಲ, ಡಿಕ್ಕಿಯಲ್ಲೇ ಏಳು ವರ್ಷ ಕಳೆದಿತ್ತು. "ಇದೂ ಒಂದು ಕಿಲೋಮೀಟರ್ ಓಡಿಲ್ಲ," ಅಂತ ಅಪ್ಪ ನಕ್ಕರು. ತಂಗಿಯನ್ನು ಕರೆಯೋಕೆ ಹೊರಡುವ ಹಿಂದಿನ ವಾರ ಅದನ್ನೂ ಬದಲಾಯಿಸಿದೆವು.