ಮೊಟ್ಟೆಯೊಡೆದು ಬಂದ ಮೋಟಾರು ಕಾರು

ಹೊತ್ತು ತರಲು ಬೇರೆ ಜಾಗ ಸಿಗದೆ ಒಬ್ಬಾತ ಬುಟ್ಟಿಗಟ್ಟಲೆ ಕೋಳಿಮೊಟ್ಟೆಗಳನ್ನು ತನ್ನ ಫೋರ್ಡ್ ಕಾರಿನ ಇಂಜಿನ್ ಮೇಲೆ ಇಟ್ಟುಕೊಂಡು ಬರುತ್ತಾನೆ. ಇಂಜಿನ್ನಿನ ಕಾವಿಗೆ ಮೊಟ್ಟೆಗಳು ಬಿರಿಯುತ್ತವೆ. ಒಳಗಿಂದ ಬರುವುದು ಮರಿಕೋಳಿಗಳಲ್ಲ, ಅಂಗೈಯಗಲದ ಕಾರುಗಳು! ಚಿಪ್ಪಿನಿಂದ ಹೊರಬಿದ್ದು, ಮುದುಡಿದ ಮೈ ಬಿಡಿಸಿಕೊಂಡು, ತಡವರಿಸುತ್ತ ಸಾಗಿ ತಾಯಿಕಾರಿನ ಹೊಟ್ಟೆಯಡಿ ಸೇರಿಕೊಳ್ಳುತ್ತವೆ. ‘ಎಗ್ಡ್ ಆನ್’ ಎಂಬ ಈ ಮೂಕಿಚಿತ್ರ ಬಂದದ್ದು 1926ರಲ್ಲಿ. ಮಾಡಿದವನೂ ನಟಿಸಿದವನೂ ಚಾರ್ಲಿ ಬೋವರ್ಸ್.

ಚಾರ್ಲಿ ಎಂದೊಡನೆ ಲೋಕಕ್ಕೆ ನೆನಪಾಗುವುದು ಚಾಪ್ಲಿನ್. ಈ ಇನ್ನೊಬ್ಬ ಚಾರ್ಲಿ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಕ್ರೆಸ್ಕೊ ಊರಿನಲ್ಲಿ. ಬಾಲ್ಯದಲ್ಲೇ ಸರ್ಕಸ್‌ನವರು ತನ್ನನ್ನು ಹೊತ್ತೊಯ್ದು ಹಗ್ಗದ ಮೇಲೆ ನಡೆಸಿದರೆಂದು ಅವನು ಹೇಳಿಕೊಂಡಿದ್ದುಂಟು. ಕಥೆ ಕಟ್ಟುವುದರಲ್ಲಿ ಅವನು ನಿಸ್ಸೀಮ, ಆದ್ದರಿಂದ ಅದನ್ನು ಕಥೆಯಾಗಿಯೇ ಸವಿಯುವುದು ಒಳ್ಳೆಯದು. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು, ಆಮೇಲೆ ಕಾರ್ಟೂನ್ ಚಿತ್ರಗಾರ ರೌಲ್ ಬಾರೆಯ ಜೊತೆ ‘ಮಟ್ ಅಂಡ್ ಜೆಫ್’ ಕಾರ್ಟೂನ್ ಚಿತ್ರಗಳ ರಾಶಿಯನ್ನೇ ತೆಗೆದ ಮೇಲೆ, ಛಾಯಾಗ್ರಾಹಕ ಹೆರಾಲ್ಡ್ ಮುಲ್ಲರ್ ಜೊತೆಗೂಡಿ ಹಾಸ್ಯಚಿತ್ರಗಳಿಗೆ ಇಳಿದ.

ಅವನ ಹೆಚ್ಚುಗಾರಿಕೆ ಇರುವುದು ಕೈಕೆಲಸದಲ್ಲಿ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚೌಕಟ್ಟು ತೆಗೆಯುವುದು, ಮತ್ತೆ ಸರಿಸುವುದು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 16ಕ್ಕೂ ಹೆಚ್ಚು ಚೌಕಟ್ಟು ಬೇಕು. ಇದನ್ನು ಇತರರೂ ಮಾಡಿದ್ದರು. ಆದರೆ ಬೋವರ್ಸ್ ಹಾಗೆ ಹುಟ್ಟಿಸಿದ ಜೀವಿಗಳನ್ನು ನಿಜವಾದ ಮನೆಯಂಗಳಕ್ಕೆ, ನಿಜವಾದ ನಟರ ನಡುವಿಗೆ ತಂದು ಬಿಟ್ಟ. ಅದೂ ಎಂಥ ಸಹಜತೆಯಿಂದ! ‘ನೌ ಯು ಟೆಲ್ ಒನ್’ ಚಿತ್ರದಲ್ಲಿ ಸುಳ್ಳುಗಾರರ ಸಂಘವೊಂದು ಸೇರಿದೆ. ಅಲ್ಲಿ ನಾಯಕ ತಾನು ಕಂಡುಹಿಡಿದ ಕಸಿಮದ್ದಿನ ಕಥೆ ಹೇಳುತ್ತಾನೆ. ಇಲಿಗಳ ಕಾಟಕ್ಕೆ ಸಿಕ್ಕ ಮನೆಯೊಂದರಲ್ಲಿ ಅವನು ಗಿಡದಿಂದ ಬೆಕ್ಕುಗಳನ್ನು ಬೆಳೆಯುತ್ತಾನೆ. ಟೊಂಗೆಯ ತುದಿಯಲ್ಲಿ ಮೊಗ್ಗು ಉಬ್ಬಿ, ರೋಮ ಮೂಡಿ, ಬೆಕ್ಕು ಪೂರ್ತಿಯಾಗಿ ಕೆಳಗಿಳಿಯುವುದನ್ನು ನೋಡುವಾಗ ಇದೊಂದು ತಂತ್ರವೆಂಬುದೇ ಮರೆತುಹೋಗುತ್ತದೆ. ಇನ್ನೊಂದು ಚಿತ್ರದಲ್ಲಿ ಕಾಲು ಜಾರದ ಬಾಳೆಹಣ್ಣಿನ ಸಿಪ್ಪೆಗಾಗಿ ಅವನ ಸಂಶೋಧನೆ. ಹಾಸ್ಯಚಿತ್ರಗಳು ಯಾವ ಸಿಪ್ಪೆಯಿಂದ ಬದುಕಿದ್ದವೋ ಅದನ್ನೇ ನಿರಪಾಯಗೊಳಿಸಲು ಹೊರಟವನ ಧೈರ್ಯ ದೊಡ್ಡದು.

ನಟನೆಯಲ್ಲಿ ಅವನು ಆ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ಗೆ ಸಮನಲ್ಲ. ಚಾಪ್ಲಿನ್ನನ ಟೋಪಿ, ಕೋಲಿನಂತೆ ನೆನಪಿನಲ್ಲಿ ಉಳಿಯುವ ಗುರುತೂ ಅವನಿಗಿರಲಿಲ್ಲ. ಆದರೆ ಕಲ್ಪನೆಯಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ.

1930ರಲ್ಲಿ ‘ಇಟ್ಸ್ ಎ ಬರ್ಡ್’ ಎಂಬ ಮಾತಿನ ಚಿತ್ರ ತೆಗೆದ. ಕಬ್ಬಿಣ ತಿನ್ನುವ ಹಕ್ಕಿಯ ಆ ಚಿತ್ರವನ್ನು ಫ್ರಾನ್ಸಿನ ಕವಿ ಆಂದ್ರೆ ಬ್ರೆಟನ್ ಮೆಚ್ಚಿಕೊಂಡ. ತೈಲ ಕಂಪನಿಗಳಿಗಾಗಿ ನಿರ್ದೇಶಕ ಜೋಸೆಫ್ ಲೋಸಿ ತೆಗೆದ, 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ತೋರಿಸಿದ ಗೊಂಬೆಚಿತ್ರಕ್ಕೂ ಬೋವರ್ಸ್ ಕೆಲಸ ಮಾಡಿದ. 1946ರಲ್ಲಿ ತೀರಿಕೊಂಡಾಗ ಸಿನಿಮಾ ಲೋಕ ಅವನನ್ನು ಮರೆತಿತ್ತು.

ಮತ್ತೆ ಅವನನ್ನು ಎತ್ತಿ ಹಿಡಿದದ್ದು ಫ್ರಾನ್ಸಿನ ತುಲೂಸ್ ನಗರದ ಚಿತ್ರ ಸಂಗ್ರಹಾಲಯ. ಅಲ್ಲಿನ ರೇಮಂಡ್ ಬೋರ್ಡ್‌ಗೆ 1960ರ ದಶಕದಲ್ಲಿ ಹಳೆಯ ರೀಲುಗಳು ದೊರೆತವು. ಅವುಗಳ ಮೇಲಿದ್ದ ಹೆಸರು ‘ಬ್ರಿಕೊಲೊ’. ಫ್ರೆಂಚ್ ಪ್ರೇಕ್ಷಕರಿಗೆ ಬೋವರ್ಸ್ ಆ ಹೆಸರಿನಿಂದಲೇ ಪರಿಚಿತನಾಗಿದ್ದ. ಬ್ರಿಕೊಲೊ ಯಾರೆಂದು ಹುಡುಕುತ್ತ ಹೋದವರಿಗೆ ಕೊನೆಗೆ ಸಿಕ್ಕಿದವನು ಈ ಅಮೆರಿಕದವ. ಅವನ ಹಾಸ್ಯಚಿತ್ರಗಳಲ್ಲಿ ಹಲವು ಇವತ್ತಿಗೂ ಕಳೆದೇಹೋಗಿವೆ. ಉಳಿದವನ್ನು ಸರಿಪಡಿಸಿ 2019ರಲ್ಲಿ ಬ್ಲೂ-ರೇ ಡಿಸ್ಕ್‌ಗಳಲ್ಲಿ ತಂದಿದ್ದಾರೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ‘ಎಗ್ಡ್ ಆನ್’ ನೋಡಿ, ಆಮೇಲೆ ಬೆಕ್ಕಿನ ಗಿಡದ ಚಿತ್ರ ನೋಡಿ.